ಎರಡು ರೆಗ್ಯುಲೇಟರ್, ಎಂಟು ಆಂಪಿಯರ್

1967ರ ಮಳೆಗಾಲದಲ್ಲಿ ನಾನು ಹೊಸನಗರದ ಒಂದು ವೈರ್‌ಲೆಸ್ ಕೇಂದ್ರದಲ್ಲಿ ಮೆಕ್ಯಾನಿಕ್ ಆಗಿದ್ದೆ. ಕೆಲಸಕ್ಕೆ ಸೇರಿ ಎರಡು ವರ್ಷವೂ ತುಂಬಿರಲಿಲ್ಲ. ಕೇಂದ್ರದಲ್ಲಿದ್ದವರು ಇಬ್ಬರೇ: ಹಿರಿಯ ಆಪರೇಟರ್ ರಾಜಪ್ಪನವರು ಮತ್ತು ನಾನು.

ಜುಲೈ ತಿಂಗಳ ಒಂದು ಬೆಳಿಗ್ಗೆ ಮರಗಳು ಉರುಳಿ ಟೆಲಿಫೋನ್ ತಂತಿ ತುಂಡಾಯಿತು. ಸಾಗರಕ್ಕೆ ಹೋಗುವ ನೇರ ರಸ್ತೆಯೂ ಮುಚ್ಚಿತು. ತಂತಿ ಜೋಡಿಸಲು ಹೋದ ಲೈನ್‌ಮನ್ ಮಂಜಪ್ಪನಿಗೆ ಪೊದೆಯಲ್ಲಿದ್ದ ಕೊಳಕುಮಂಡಲ ಹಾವು ಕಚ್ಚಿತು. ವಾರಕ್ಕೆರಡು ಸಲ ನಮ್ಮಲ್ಲಿ ಕೂತು ಚಹಾ ಕುಡಿದು ಹೋಗುತ್ತಿದ್ದ ಮನುಷ್ಯ ಅವನು. ಸ್ವಲ್ಪ ಹೊತ್ತಿಗೆ ಆಸ್ಪತ್ರೆಯ ಕಾಂಪೌಂಡರ್ ಓಡಿ ಬಂದರು.

"ವಿಷಕ್ಕೆ ಇದ್ದ ಸೀರಂ ಎಲ್ಲ ಕೊಟ್ಟಾಯ್ತು. ಒಸಡಲ್ಲಿ ರಕ್ತ ನಿಲ್ತಾ ಇಲ್ಲ. ಸಾಗರದೋರು ಸುತ್ತು ದಾರೀಲಿ ರಿಪ್ಪನ್‌ಪೇಟೆಗೆ ಕಳ್ಸಿದ್ರೆ ನಮ್ಮ ಜೀಪು ಹೋಗಿ ತರ್ತದೆ. ಹೇಗಾದ್ರೂ ಹೇಳಿ."

ಹೇಳುವುದೇ ಕಷ್ಟವಾಗಿತ್ತು. ಹಿಂದಿನ ದಿನದ ಸಿಡಿಲಿಗೆ ನಮ್ಮ ದೊಡ್ಡ ರೆಗ್ಯುಲೇಟರ್ ಸುಟ್ಟಿತ್ತು. ಜನರೇಟರಿನ ವೋಲ್ಟೇಜ್ ಏರಿಳಿದರೂ ಸೆಟ್‌ಗೆ ಒಂದೇ ಸಮ ಇಪ್ಪತ್ತನಾಲ್ಕು ವೋಲ್ಟ್ ಕೊಡುವ ಪೆಟ್ಟಿಗೆ ಅದು. ಮಾತಾಡಲು ಸ್ವಿಚ್ ಒತ್ತಿದರೆ ಸೆಟ್ ಎಂಟು ಆಂಪಿಯರ್ ಎಳೆಯುತ್ತಿತ್ತು. ಉಳಿದಿದ್ದು ಐದೈದು ಆಂಪಿಯರಿನ ಎರಡು ಸಣ್ಣ ರೆಗ್ಯುಲೇಟರ್. ಒಂದನ್ನು ಹಾಕಿದರೆ ಸಾಗರದವರ ಮಾತು ಕೇಳುತ್ತಿತ್ತು, ನಾವು ಉತ್ತರಿಸುವಂತಿರಲಿಲ್ಲ. ಬ್ಯಾಟರಿಯಿಂದ ನಡೆಸೋಣವೆಂದರೆ ಆಸ್ಪತ್ರೆ ಜೀಪಿನ ಬ್ಯಾಟರಿ ಹನ್ನೆರಡು ವೋಲ್ಟಿನದು, ಮೇಲಾಗಿ ಊರಲ್ಲಿ ಆ ದಿನ ಓಡುವ ಸ್ಥಿತಿಯಲ್ಲಿದ್ದ ಜೀಪು ಅದೊಂದೇ.

"ಎರಡನ್ನೂ ಸೇರ್ಸಿದ್ರೆ ಹತ್ತು ಆಂಪಿಯರ್ ಆಯ್ತಲ್ಲ ಮಾರಾಯ್ರೆ," ಎಂದರು ರಾಜಪ್ಪ.

ನಾನೂ ಹಾಗೇ ಎಣಿಸಿ ಎರಡರ ತಂತಿಗಳನ್ನೂ ಒಟ್ಟಿಗೆ ಬಿಗಿದೆ. ರಾಜಪ್ಪ ಸ್ವಿಚ್ ಒತ್ತಿದರು. ಟಪ್ ಎಂದು ಒಂದು ಆಫ್ ಆಯಿತು, ಅದರ ಹಿಂದೆಯೇ ಇನ್ನೊಂದು. ಮತ್ತೆ ಒತ್ತಿದಾಗಲೂ ಅದೇ ಕಥೆ. ಪುನಃ ಆನ್ ಮಾಡಿದಾಗಲೆಲ್ಲ ಸ್ಪೀಕರಿನಲ್ಲಿ ಸಾಗರದ ಆಪರೇಟರ್ ಕೇಳುತ್ತಿದ್ದರು: "ಹೊಸನಗರ, ಇದ್ದೀರಾ? ಹೊಸನಗರ?" ಕಾಂಪೌಂಡರ್ ನನ್ನ ಮುಖವನ್ನೇ ನೋಡುತ್ತಿದ್ದರು.

ಮೀಟರ್ ಹಿಡಿದು ಎರಡನ್ನೂ ಬೇರೆಬೇರೆಯಾಗಿ ಅಳೆದೆ. ಒಂದು 24.0, ಇನ್ನೊಂದು 24.3. ಆಗ ವಿಷಯ ಹೊಳೆಯಿತು. ಕೂದಲೆಳೆಯಷ್ಟು ಹೆಚ್ಚು ವೋಲ್ಟೇಜ್ ಇದ್ದದ್ದು ಭಾರವನ್ನೆಲ್ಲ ತಾನೇ ಹೊರಲು ಹೋಗುತ್ತದೆ, ಐದು ದಾಟಿ ಆಫ್ ಆಗುತ್ತದೆ. ಆಗ ಎಂಟೂ ಎರಡನೆಯದರ ಮೇಲೆ ಬಿದ್ದು ಅದೂ ನಿಲ್ಲುತ್ತದೆ. ಪ್ರತಿಯೊಂದರ ದಾರಿಯಲ್ಲೂ ವಿದ್ಯುತ್ತಿಗೆ ಸ್ವಲ್ಪ ತಡೆ ಇಟ್ಟರೆ, ಹೆಚ್ಚು ಹೊರಲು ಹೋದದ್ದರ ವೋಲ್ಟೇಜ್ ತಾನಾಗಿ ತಗ್ಗಿ ಇನ್ನೊಂದಕ್ಕೂ ಪಾಲು ಸಿಗುತ್ತದೆ.

ಸ್ಟೋರಿನಲ್ಲಿ ತೆಳ್ಳನೆಯ ಕಬ್ಬಿಣದ ತಂತಿಯ ಸುರುಳಿಯೊಂದಿತ್ತು; ಕಬ್ಬಿಣದ ತಡೆ ತಾಮ್ರಕ್ಕಿಂತ ಹೆಚ್ಚು. ಸರಿಯಾಗಿ ಗಜ ಉದ್ದದ ಎರಡು ತುಂಡು ಕತ್ತರಿಸಿ, ಒಂದೊಂದು ರೆಗ್ಯುಲೇಟರಿಗೂ ಒಂದೊಂದನ್ನು ಜೋಡಿಸಿ, ಅವುಗಳ ತುದಿಗಳನ್ನು ಸೆಟ್ಟಿನ ಬಳಿ ಕೂಡಿಸಿದೆ. ಸಣ್ಣ ತಿರುಪು ತಿರುಗಿಸಿ ಎರಡರ ವೋಲ್ಟೇಜನ್ನೂ ಆದಷ್ಟು ಹತ್ತಿರ ತಂದೆ.

"ಒತ್ತಿ," ಎಂದೆ.

ಎರಡೂ ರೆಗ್ಯುಲೇಟರುಗಳ ಆಂಪಿಯರ್ ಮುಳ್ಳುಗಳು ಎದ್ದವು. ಒಂದರಲ್ಲಿ ನಾಲ್ಕೂಕಾಲು, ಇನ್ನೊಂದರಲ್ಲಿ ಮೂರೂಮುಕ್ಕಾಲು. ಅಲ್ಲೇ ನಿಂತವು. ತಂತಿ ಬೆಚ್ಚಗಾಯಿತು, ಅಷ್ಟೆ. ರಾಜಪ್ಪ ಒಂದೇ ಉಸಿರಿಗೆ ಸಂದೇಶ ಓದಿದರು. ಸ್ವಿಚ್ ಬಿಟ್ಟದ್ದೇ ಸಾಗರದಿಂದ ಉತ್ತರ ಬಂತು: "ಸೀರಂ ಇದೆ. ಗಾಡಿ ಈಗ್ಲೇ ಹೊರಡ್ತದೆ."

ಕಾಂಪೌಂಡರ್ ಜೀಪು ಹತ್ತಲು ಓಡಿದರು. ರಾಜಪ್ಪ ಹೆಡ್‌ಫೋನ್ ತೆಗೆದಿಟ್ಟು, ನನ್ನ ಬೆನ್ನು ತಟ್ಟಿದರು.

ಮಧ್ಯಾಹ್ನ ಎರಡೂವರೆಗೆ ಔಷಧಿ ಆಸ್ಪತ್ರೆ ಸೇರಿತು. ಮರುದಿನ ನಾನು ನೋಡಲು ಹೋದಾಗ ಮಂಜಪ್ಪ ಗಂಜಿ ಕುಡಿಯುತ್ತಿದ್ದ. ನನ್ನನ್ನು ಕಂಡು ಕೇಳಿದ ಮೊದಲ ಮಾತು, "ನನ್ನ ಲೈನು ಯಾರು ಸರಿ ಮಾಡಿದ್ರು?"

ಮುಂದೆ ನಾನು ಹಲವು ಕೇಂದ್ರಗಳ ಮೇಲ್ವಿಚಾರಕನಾದೆ. ಇಬ್ಬರಿಗೆ ಒಂದು ಕೆಲಸ ಹಚ್ಚುವಾಗಲೆಲ್ಲ, ಚುರುಕಾದವನ ತಲೆ ಮೇಲೆ ಎಲ್ಲವೂ ಬೀಳದ ಹಾಗೆ ಮೊದಲೇ ಏರ್ಪಾಡು ಮಾಡುತ್ತಿದ್ದೆ. ಅವನು ಸುಸ್ತಾಗಿ ಕೂತ ದಿನ ಇನ್ನೊಬ್ಬನೂ ಉಳಿಯುವುದಿಲ್ಲ ಎಂಬುದನ್ನು ಹೊಸನಗರದಲ್ಲಿ ಕಣ್ಣಾರೆ ಕಂಡಿದ್ದೆ.