ಎರಡನೆಯ ಗಡಿಗೆ

ನಿನ್ನೆ ಬೆಳಿಗ್ಗೆ ಸೊಸೆ ಬಳಚು ಬೇಯಿಸುತ್ತಿದ್ದಳು. ನೀರು ಕುದಿಯುತ್ತಿದ್ದ ಹಾಗೆ ಚಿಪ್ಪುಗಳು ಒಂದೊಂದಾಗಿ ಬಾಯಿ ಬಿಟ್ಟವು. ಹೊಳೆಯ ಕೆಸರಿನ, ಉಪ್ಪಿನ ಆ ಹಳೆಯ ವಾಸನೆ ಅಡುಗೆಮನೆ ದಾಟಿ ಜಗಲಿಗೆ ಬಂತು. ಹೊನ್ನಾವರದ ಈ ಮನೆಯಲ್ಲಿ ವಾರಕ್ಕೊಮ್ಮೆಯಾದರೂ ಬರುವ ವಾಸನೆಯೇ ಅದು. ಆದರೂ ನಿನ್ನೆ ಓದುತ್ತಿದ್ದ ಪೇಪರನ್ನು ಮಡಚಿಟ್ಟು ಸುಮ್ಮನೆ ಕೂತೆ. ನನ್ನ ಚರಿತ್ರೆಯ ಮಾಸ್ತರರು ನೆನಪಾದರು... ನೆನಪಾದರು ಎಂದರೆ ತಪ್ಪಾದೀತು. ಅವರನ್ನು ನಾನು ಯಾವತ್ತೂ ಮರೆತವಳಲ್ಲ, ಮರೆಯುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ನಮ್ಮದು ಕುಮಟೆ ತಾಲೂಕಿನಲ್ಲಿ, ಅಘನಾಶಿನಿ ಹೊಳೆ ಕಡಲು ಸೇರುವ ಕಡೆಯ ಒಂದು ಊರು. ಇಳಿತದ ಹೊತ್ತಿಗೆ ಹೊಳೆಗಿಳಿದು ಬಳಚು ಹೆಕ್ಕುವುದು ನಮ್ಮ ಮನೆಯ ಹೆಂಗಸರ ಕೆಲಸ. ಬೇಯಿಸಿ ಒಳಗಿನ ಮಾಂಸ ಮಾರುವುದು, ಚಿಪ್ಪು ಸುಣ್ಣದ ಗೂಡಿನವರಿಗೆ ಕೊಡುವುದು. ಅಂಥ ಮನೆಯಿಂದ ಏಳನೆಯ ಇಯತ್ತೆಯವರೆಗೆ ಬಂದ ಮೊದಲ ಹುಡುಗಿ ನಾನು. ಬಂದದ್ದು ಮಾಸ್ತರರ ಹಟದಿಂದ. ನಾಲ್ಕನೆಯ ಇಯತ್ತೆ ಮುಗಿದಾಗ ಅವ್ವ ಬುಟ್ಟಿ ಕೈಗೆ ಕೊಟ್ಟಿದ್ದಳು. ಮಾಸ್ತರರೇ ಕೊಡೆ ಹಿಡಿದುಕೊಂಡು ನಮ್ಮ ಕೇರಿಗೆ ಬಂದು, ಅಂಗಳದಲ್ಲಿ ನಿಂತು, ಈ ಹುಡುಗಿಯನ್ನು ಶಾಲೆ ಬಿಡಿಸಿದರೆ ನಾಳೆಯಿಂದ ನಾನೂ ಶಾಲೆಗೆ ಹೋಗುವುದಿಲ್ಲ ಎಂದು ಅವ್ವನನ್ನು ಹೆದರಿಸಿದರು. ಅವ್ವ ನಿಜಕ್ಕೂ ಹೆದರಿದಳು.

ಮಾಸ್ತರರು ಕುಮಟೆ ಪೇಟೆಯವರು, ಮೇಲು ಜಾತಿಯವರು. ಶಾಲೆಯ ಹಿಂದಿನ ಕೋಣೆಯಲ್ಲಿ ಒಬ್ಬರೇ ಅಡುಗೆ ಮಾಡಿಕೊಂಡು ಇದ್ದರು. ಕರಿ ಟೊಪ್ಪಿ, ಮೊಣಕೈ ಹತ್ತಿರ ತೇಪೆ ಹಾಕಿದ ಕೋಟು, ಧೋತರದ ಮೇಲೆಲ್ಲ ನಶ್ಯದ ಕಲೆ. ಲೆಕ್ಕ ಕಲಿಸುವಾಗ ಅವರಿಗೆ ನಿದ್ದೆ ಬರುತ್ತಿತ್ತು. ಚರಿತ್ರೆ ಬಂತೆಂದರೆ ಬೇರೆಯೇ ಮನುಷ್ಯ. ನಶ್ಯದ ಡಬ್ಬಿ ರೋಮ್ ಆಗುತ್ತಿತ್ತು, ಅದರ ಮುಚ್ಚಳ ಕಾರ್ಥೇಜ್ ಆಗುತ್ತಿತ್ತು, ನಡುವಿನ ಸಮುದ್ರದಲ್ಲಿ ಅವರ ಬೆರಳು ಹಡಗಾಗಿ ಹೋಗುತ್ತಿತ್ತು. ಯುದ್ಧ ಜೋರಾದರೆ ಮೊದಲ ಸಾಲಿನಲ್ಲಿದ್ದ ನಮಗೆಲ್ಲ ಸೀನು.

ನಮ್ಮ ಪುಸ್ತಕದಲ್ಲಿ ಇದ್ದದ್ದು ರಾಜರ ಹೆಸರು, ಇಸವಿ. ಮಾಸ್ತರರು ಅದನ್ನು ಬದಿಗಿಟ್ಟು ರಾಜ ಎಂದರೆ ಯಾಕೆ ಬೇಕು, ರಾಜನಿಲ್ಲದೆ ಊರು ನಡೆಯುವುದು ಹೇಗೆ, ಸಾಮ್ರಾಜ್ಯ ಯಾಕೆ ಹುಟ್ಟುತ್ತದೆ, ಯಾಕೆ ಸಾಯುತ್ತದೆ ಎಂದು ಕೇಳುತ್ತಿದ್ದರು. ಧರ್ಮಗಳ ಪಾಠ ಬಂದಾಗ, ಲೋಕದ ಧರ್ಮ ನೋಡಲು ಹಡಗು ಹತ್ತಬೇಕಾಗಿಲ್ಲ, ಇಲ್ಲಿಂದ ಭಟ್ಕಳದವರೆಗೆ ನಡೆದರೆ ಸಾಕು ಎಂದರು. ದಾರಿಯಲ್ಲಿ ಗುಡಿ, ಹೊನ್ನಾವರದಲ್ಲಿ ಇಗರ್ಜಿ, ಭಟ್ಕಳದಲ್ಲಿ ಬಸದಿಯೂ ಮಸೀದಿಯೂ. ಎಲ್ಲದರ ಮೊದಲ ಮಾತು ಒಂದೇ, ಮನುಷ್ಯರೆಲ್ಲ ಒಂದು ಎನ್ನುವುದು. ಆ ಮೊದಲ ಮಾತನ್ನೇ ಎಲ್ಲರೂ ಮೊದಲು ಮರೆತರು ಎಂದರು. ಫ್ರಾನ್ಸಿನ ಕ್ರಾಂತಿಯ ದಿನವಂತೂ ತಮ್ಮ ಕುರ್ಚಿಯಿಂದ ಇಳಿದು ನಮ್ಮೊಂದಿಗೆ ನೆಲದ ಮೇಲೆ ಕೂತರು. ಕುರ್ಚಿಯ ಮೇಲೆ ನನ್ನನ್ನು ಕೂರಿಸಿದರು. ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಅವತ್ತು ಪೂರ್ತಿ ನಾನು ಕುರ್ಚಿಯಲ್ಲೇ ಇದ್ದೆ, ಮಾಸ್ತರರು ನೆಲದ ಮೇಲೆ ಕೂತೇ ಪಾಠ ಮಾಡಿದರು. ಅವರನ್ನು ನಾನು ಎಷ್ಟು ನಂಬಿದೆ ಎಂದು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಸ್ವಾತಂತ್ರ್ಯ ಬಂದ ಮರುವರ್ಷ, ಏಳನೆಯ ಇಯತ್ತೆಯ ಕೊನೆಯ ಮುಲ್ಕಿ ಪರೀಕ್ಷೆ ಹತ್ತಿರ ಬಂದಾಗ, ಮಾಸ್ತರರು ಒಂದು ಸುದ್ದಿ ಹೇಳಿದರು. ಕುಮಟೆಯಲ್ಲಿ ಅವರ ಅಕ್ಕನ ಮನೆ. ಅಕ್ಕ ವಿಧವೆ, ಮನೆ ದೊಡ್ಡದು. ನಮ್ಮ ವರ್ಗದ ಒಬ್ಬರು ಅಲ್ಲಿ ಉಳಿದುಕೊಂಡು ಹೈಸ್ಕೂಲು ಓದಬಹುದು. ಹೈಸ್ಕೂಲು ಎನ್ನುವುದು ನಮ್ಮ ಊರಿನಲ್ಲಿ ಯಾರೂ ಕಾಣದ ವಸ್ತು. ಓದಿನಲ್ಲಿ ಮುಂದಿದ್ದವರು ಇಬ್ಬರು, ನಾನು ಮತ್ತು ಶಾನುಭೋಗರ ಮಗಳು. ನಾವಿಬ್ಬರೂ ಒಂದೇ ಮಣೆಯ ಮೇಲೆ ಕೂರುವವರು, ಜಗಳವಿಲ್ಲದವರು.

ಯಾರನ್ನು ಕಳಿಸುವುದು ಎಂದು ಮಾಸ್ತರರೇ ಹೇಳಿಬಿಟ್ಟಿದ್ದರೆ ಮುಗಿದಿತ್ತು. ಆದರೆ ಅವರು ಎದ್ದು ನಿಂತು, ರಾಜರ ಕಾಲ ಹೋಯಿತು, ಇನ್ನು ಮುಂದೆ ನಿಮ್ಮ ಅಪ್ಪ ಅವ್ವಂದಿರೂ ಮತ ಹಾಕಿ ದೇಶ ಆಳುವವರನ್ನು ಆರಿಸುತ್ತಾರೆ, ಈ ಶಾಲೆಯಲ್ಲಿ ಅದು ಇವತ್ತೇ ಶುರುವಾಗಲಿ ಎಂದರು. ಹಳೆಯ ಅಥೆನ್ಸಿನ ನ್ಯಾಯಸಭೆಯಲ್ಲಿ ಮಾಡುತ್ತಿದ್ದ ಕ್ರಮ ಅವರಿಗೆ ಬಹಳ ಇಷ್ಟ. ಅಲ್ಲಿ ಪ್ರತಿಯೊಬ್ಬನಿಗೂ ಎರಡು ಬಿಲ್ಲೆ ಕೊಡುತ್ತಿದ್ದರಂತೆ. ಬೇಕಾದದ್ದನ್ನು ಒಂದು ಪಾತ್ರೆಗೆ ಹಾಕಿ, ಉಳಿದದ್ದನ್ನು ಇನ್ನೊಂದಕ್ಕೆ ಹಾಕಬೇಕು. ಮುಷ್ಟಿ ಮುಚ್ಚಿರುವುದರಿಂದ ಯಾರ ಮತ ಯಾವುದೆಂದು ಯಾರಿಗೂ ತಿಳಿಯದು.

ಬಿಲ್ಲೆಯ ಬದಲು ಚಿಪ್ಪು. ಚಿಪ್ಪು ತಂದವಳು ನಾನೇ. ಅರ್ಧದಷ್ಟನ್ನು ಬುಡ್ಡಿ ದೀಪದ ಮೇಲೆ ಹಿಡಿದು ಕಪ್ಪು ಮಾಡಿದೆವು. ಒಬ್ಬೊಬ್ಬರ ಕೈಗೂ ಒಂದು ಬಿಳಿ, ಒಂದು ಕಪ್ಪು; ಬಿಳಿಯದು ಹಾಕಿದರೆ ಮತ ನನಗೆ, ಕಪ್ಪು ಹಾಕಿದರೆ ಶಾನುಭೋಗರ ಮಗಳಿಗೆ. ನಾವಿಬ್ಬರು ಬಿಟ್ಟರೆ ವರ್ಗದಲ್ಲಿ ಹನ್ನೊಂದು ಜನ. ಒಬ್ಬೊಬ್ಬರಾಗಿ ಎರಡು ಮುಷ್ಟಿ ಮುಚ್ಚಿಕೊಂಡು ಹೋಗಿ, ಮೊದಲ ಗಡಿಗೆಗೆ ಬೇಕಾದದ್ದು, ಎರಡನೆಯ ಗಡಿಗೆಗೆ ಉಳಿದದ್ದು ಹಾಕಿ ಬಂದರು. ನನ್ನ ಎದೆ ಬಡಿದುಕೊಳ್ಳುವುದು ಪಕ್ಕದವಳಿಗೆ ಕೇಳಿಸುತ್ತದೋ ಎಂದು ನಾನು ಸೆರಗಿಲ್ಲದ ಎದೆಯ ಮೇಲೆ ಪಾಟಿ ಒತ್ತಿಕೊಂಡು ಕೂತಿದ್ದೆ.

ಮಾಸ್ತರರು ಮೊದಲ ಗಡಿಗೆಯನ್ನು ಎತ್ತಿಕೊಂಡು ತಮ್ಮ ಕೋಣೆಗೆ ಹೋದರು. ಗದ್ದಲದಲ್ಲಿ ಎಣಿಕೆ ತಪ್ಪುತ್ತದೆ ಎಂದರು. ತುಸು ಹೊತ್ತಿನ ಮೇಲೆ ಬರಿಗೈಯಲ್ಲಿ ಹೊರಗೆ ಬಂದರು.

"ಕಪ್ಪು ಏಳು, ಬಿಳಿ ನಾಲ್ಕು," ಎಂದರು.

ಶಾನುಭೋಗರ ಮಗಳು ನನ್ನ ಕೈ ಹಿಡಿದುಕೊಂಡು ಅತ್ತಳು. ನಾನು ಅಳಲಿಲ್ಲ. ಹಿಂದಿನ ಸಾಲಿನ ಹುಡುಗರನ್ನು ಒಬ್ಬೊಬ್ಬರನ್ನಾಗಿ ನೋಡಿದೆ. ಅಂಬಿಗರ ಹುಡುಗ, ಅವನ ದೊಡ್ಡಪ್ಪನ ಮಗ, ಉಪ್ಪಿನ ಆಗರದವರ ಮಕ್ಕಳು... ನನ್ನ ಹಾಗೆಯೇ ಕೆಸರು ತುಳಿಯುವವರು. ಎಲ್ಲರೂ ತಲೆ ತಗ್ಗಿಸಿದ್ದರು. ಇವರೇ ನನಗೆ ಕೈ ಕೊಟ್ಟರಲ್ಲ ಎಂದುಕೊಂಡೆ.

ಎಲ್ಲರೂ ಹೋದ ಮೇಲೆ ಎರಡನೆಯ ಗಡಿಗೆ ಮೂಲೆಯಲ್ಲೇ ಉಳಿದಿತ್ತು. ಅದರಲ್ಲಿದ್ದದ್ದು ಯಾರಿಗೂ ಬೇಡದ ಚಿಪ್ಪು. ಮಾಸ್ತರರಿಗೆ ಅದರ ನೆನಪೇ ಇರಲಿಲ್ಲ. ಆದರೆ ಬಳಚಿನವರ ಮನೆಯಲ್ಲಿ ಚಿಪ್ಪು ಬಿಸಾಡುವ ಪದ್ಧತಿ ಇಲ್ಲ. ಎಷ್ಟೇ ದುಃಖವಿರಲಿ, ಕೈ ತಾನಾಗಿ ಹೋಗುತ್ತದೆ. ಅವನ್ನು ಮಡಿಲಿಗೆ ಸುರಿದುಕೊಂಡು ಮನೆಗೆ ಬಂದೆ. ಮಸಿ ಹಿಡಿದ ಚಿಪ್ಪನ್ನು ಗೂಡಿನವರು ಮುಟ್ಟುವುದಿಲ್ಲ, ತೊಳೆದೇ ಕೊಡಬೇಕು. ಬಾವಿಕಟ್ಟೆಯಲ್ಲಿ ಕೂತು ಕಪ್ಪನ್ನೂ ಬಿಳಿಯನ್ನೂ ಬೇರೆ ಮಾಡಿದೆ.

ಕಪ್ಪು ಎಂಟು ಇತ್ತು. ಬಿಳಿ ಮೂರೇ.

ಇನ್ನೊಮ್ಮೆ ಎಣಿಸಿದೆ. ಉಳಿದ ಕಪ್ಪು ಎಂಟಾದರೆ ಹಾಕಿದ ಬಿಳಿ ಎಂಟು. ಅಷ್ಟು ಲೆಕ್ಕ ಮಾಸ್ತರರ ನಿದ್ದೆಗಣ್ಣಿನ ಪಾಠದಲ್ಲೂ ನಾನು ಕಲಿತಿದ್ದೆ. ಎಂಟು ಜನ ನನ್ನನ್ನು ಆರಿಸಿದ್ದರು. ಅವ್ವ ಬುಟ್ಟಿ ಹೊತ್ತು ಬಂದವಳು ಸುದ್ದಿ ಕೇಳಿದಳು. ಸೋತೆ ಎಂದೆ. ಅವಳು ನನ್ನ ಮುಖವನ್ನೂ ನೋಡದೆ, "ಆತು. ನಾಳಿಂದ ಇಳಿತಕ್ಕೆ ನನ್ನ ಸಂಗ್ತಿಗೆ ಬಾ," ಎಂದಳು.

ಮರುದಿನ ಎಲ್ಲರಿಗಿಂತ ಮೊದಲು ಶಾಲೆಗೆ ಹೋದೆ. ಮಾಸ್ತರರ ಮೇಜಿನ ಮೇಲೆ ಎರಡು ರಾಶಿ ಇಟ್ಟೆ.

"ಇದು ಎರಡನೇ ಗಡಿಗೇಲಿ ಇದ್ದದ್ದು ಮಾಸ್ತರೇ. ಬಿಳೀದು ಮೂರೇ ಇತ್ತು," ಎಂದೆ.

ಅವರು ನಶ್ಯದ ಡಬ್ಬಿ ತೆಗೆದು, ಹಾಗೆಯೇ ಮುಚ್ಚಿ ಕಿಸೆಗೆ ಹಾಕಿದರು.

"ಅವ್ರು ನಿನ್ನ ಆರಿಸ್ತಾರೆ ಅಂತ ನಾನು ಎಣಿಸಿರ್ಲಿಲ್ಲ ತಂಗೀ," ಎಂದರು. ಆಮೇಲೆ ದನಿ ತಗ್ಗಿಸಿ, "ಅಕ್ಕನ ಮನೆ ನಿಂಗೆ ಗೊತ್ತಿಲ್ಲ. ನಿಂಗೆ ಹಿತ್ಲಲ್ಲಿ ಎಲೆ ಹಾಕ್ತಿದ್ರು. ನೀನು ಅದನ್ನ ತಡ್ಕಳ್ತಿರ್ಲಿಲ್ಲ. ನಿನ್ನ ಒಳ್ಳೇದಕ್ಕೇ ಮಾಡ್ದೆ," ಎಂದರು.

ಹಿತ್ತಲಲ್ಲಿ ಉಣ್ಣಲು ನಾನು ತಯಾರಿದ್ದೆನೋ ಇಲ್ಲವೋ, ನನ್ನನ್ನು ಕೇಳಬಹುದಿತ್ತು. ಅಕ್ಕನ ಹತ್ತಿರ ಒಂದು ಮಾತು ಜಗಳವಾಡಬಹುದಿತ್ತು. ನಮ್ಮ ಅಂಗಳದಲ್ಲಿ ನಿಂತು ಅವ್ವನನ್ನು ಹೆದರಿಸಿದವರಿಗೆ ಅಷ್ಟು ಬರುತ್ತಿರಲಿಲ್ಲವೆ. ಇದೆಲ್ಲ ಈಗ ಹೊಳೆಯುವ ಮಾತು. ಆಗ ನಾನು ಹದಿಮೂರು ವರ್ಷದವಳು.

"ಯಾರಿಗೂ ಹೇಳ್ಬೇಡ. ಆತಾ?" ಎಂದರು.

"ಆತು," ಎಂದೆ.

ಅವತ್ತಿನ ಪಾಠ ಬುದ್ಧನದು. ಹುಟ್ಟಿನಿಂದ ಯಾರೂ ಮೇಲಲ್ಲ, ಕೀಳಲ್ಲ, ನಡತೆಯಿಂದ ಮಾತ್ರ ಎಂದು ಮಾಸ್ತರರು ಎಂದಿನ ಹಾಗೆಯೇ ಕೈಯೆತ್ತಿ ಹೇಳಿದರು. ದನಿ ಒಂದಿಷ್ಟೂ ನಡುಗಲಿಲ್ಲ. ಸುಳ್ಳು ಎಣಿಸಿದ್ದನ್ನಾದರೂ ಕ್ಷಮಿಸಿಬಿಡುತ್ತಿದ್ದೆನೇನೋ. ಆ ಪಾಠವನ್ನು ಮಾತ್ರ ಕ್ಷಮಿಸಲಿಲ್ಲ.

ಮುಲ್ಕಿಯಲ್ಲಿ ಪಾಸಾದೆ. ಐದು ವರ್ಷ ಹೊಳೆಯಲ್ಲಿ ಬಳಚು ಹೆಕ್ಕಿದೆ. ಮುಲ್ಕಿ ಆದವರಿಗೆ ಆಗ ಮಾಸ್ತರಿಕೆ ಸಿಗುತ್ತಿತ್ತು, ನನಗೂ ಭಟ್ಕಳದ ಹತ್ತಿರ ಬೆಳಕೆಯ ಕಡೆ ಸಿಕ್ಕಿತು. ಶಾನುಭೋಗರ ಮಗಳು ಕುಮಟೆಗೆ ಹೋದಳು, ಮರುವರ್ಷವೇ ಅವಳಿಗೆ ಮದುವೆ ಮಾಡಿ ಓದು ಬಿಡಿಸಿದರು. ಆ ಜಾಗ ಅವಳಿಗೂ ದಕ್ಕಲಿಲ್ಲ. ನಾನಾದರೂ ಮೂವತ್ತೈದು ವರ್ಷ ಮಕ್ಕಳಿಗೆ ಚರಿತ್ರೆ ಹೇಳಿದೆ, ಆದರೆ ಒಂದು ದಿನವೂ ಅವರಿಂದ ಮತ ಹಾಕಿಸಲಿಲ್ಲ. ವರ್ಗದ ಮುಖಂಡನನ್ನು ನಾನೇ ಆರಿಸುತ್ತಿದ್ದೆ. ಚುನಾವಣೆಯ ಕೆಲಸಕ್ಕೆ ಹಾಕಿದಾಗ ಮಾತ್ರ ಪ್ರತಿ ಕಟ್ಟನ್ನೂ ಮೂರು ಸಲ ಎಣಿಸಿ ಜೊತೆಯವರ ತಲೆ ತಿನ್ನುತ್ತಿದ್ದೆ. ಬಾಯೋರೇ, ಬೆಳಗಾಗ್ತದೆ ಎಂದು ಅವರು ನಗುತ್ತಿದ್ದರು.

ಒಮ್ಮೆ ಕುಮಟೆ ಪೇಟೆಯಲ್ಲಿ ಮಾಸ್ತರರು ಎದುರಾದರು. ಮುದುಕರಾಗಿದ್ದರು. ನಾನು ಶಾಲೆಯಲ್ಲಿದ್ದೇನೆ ಎಂದು ಕೇಳಿ, ಜೊತೆಯಲ್ಲಿದ್ದವರಿಗೆ ಇವಳು ನನ್ನ ಶಿಷ್ಯೆ ಎಂದು ಹೆಮ್ಮೆಯಿಂದ ತೋರಿಸಿದರು. ನಾನು ಕೈ ಮುಗಿದು ಬಸ್ಸಿಗೆ ಹೊತ್ತಾಯಿತು ಎಂದು ಹೊರಟೆ. ಅವರು ತೀರಿಕೊಂಡ ಸುದ್ದಿ ಬಂದಾಗ ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ, ತಿದ್ದುತ್ತಲೇ ಇದ್ದೆ...

ಹೋದ ಸೋಮವಾರ ಆ ಹಿಂದಿನ ಸಾಲಿನ ಅಂಬಿಗರ ಹುಡುಗ ಬಂದಿದ್ದ. ಹುಡುಗ ಎಂದರೆ ಈಗ ಎಪ್ಪತ್ತೈದರ ಹತ್ತಿರದವನು. ಮೊಮ್ಮಗಳ ಮದುವೆಗೆ ಕರೆಯಲು ಕುಮಟೆಯಿಂದ ಬಸ್ಸಿನಲ್ಲಿ ಬಂದಿದ್ದ. ಚಾ ಕುಡಿದು, ಲೋಟ ಕೆಳಗಿಟ್ಟು, ಕೇಳದೆಯೇ ಆ ಮಾತು ತೆಗೆದ.

"ಅವತ್ತು ನಾ ನಿಂಗೇ ಹಾಕಿದ್ದೆ ಮಾರಾಯ್ತಿ. ನಾವು ಎಂಟು ಜನ ದೇವ್ರ ಆಣೆ ಹಾಕಂಡಿದ್ವು, ನಮ್ಮ ಕೇರಿ ಹುಡುಗಿ ಹೋಗ್ಲಿ ಹೇಳಿ. ಎಣಿಸಿದ್ರೆ ನಾಕೇ ಬಂತು. ನಾಕು ಜನ ಆಣೆ ಮುರಿದ್ರು."

ಯಾರು ಎಂದು ಕೇಳಿದೆ.

"ಮತ್ಯಾರು, ಒಬ್ಬ ನಮ್ಮ ದೊಡ್ಡಪ್ಪನ ಮಗ, ಉಳಿದ ಮೂರು ಜನ ಯಾರೋ. ಶಾನುಭೋಗ್ರ ಗದ್ದೆ ಗೇಣಿಗೆ ಮಾಡ್ತಿದ್ದವ ಅವ್ನ ಅಪ್ಪ. ಅವತ್ತೇ ದಾರೀಲಿ ಹಿಡ್ಕಂಡು ಹೊಡ್ದೆ. ಅಲ್ಲಿಂದ ಈಚೆ ಮಾತಿಲ್ಲ. ಒಂದೇ ದಕ್ಕೆಗೆ ದೋಣಿ ಕಟ್ತಿದ್ವು, ಮಾತಿಲ್ಲ. ಹೋದ ಮಳೆಗಾಲದಲ್ಲಿ ಅವ ಸತ್ತ. ನಾ ಮಣ್ಣಿಗೂ ಹೋಗ್ಲಿಲ್ಲ."

ಆಗ ಹೇಳಿದೆ. ಎರಡನೆಯ ಗಡಿಗೆಯಲ್ಲಿ ಇದ್ದದ್ದನ್ನು, ಬಾವಿಕಟ್ಟೆಯಲ್ಲಿ ಎಣಿಸಿದ್ದನ್ನು, ಎಂಟಕ್ಕೆ ಎಂಟೂ ನನಗೇ ಬಿದ್ದದ್ದನ್ನು. ಯಾರೂ ಆಣೆ ಮುರಿಯಲಿಲ್ಲ ಎಂದೆ. ಅವನು ಮಾಸ್ತರರನ್ನು ಬಯ್ಯುತ್ತಾನೆ ಎಂದು ಕಾದೆ. ಬಯ್ಯಲಿಲ್ಲ.

"ನಿಂಗೆ ಆಗ್ಲೇ ಗೊತ್ತಿತ್ತಾ?" ಎಂದ.

ಹೌದು ಎಂದೆ. ಮಾಸ್ತರರಿಗೆ ಮಾತು ಕೊಟ್ಟಿದ್ದೆ ಎಂದೆ.

"ನಮ್ಗೆ ಒಂದ್ ಮಾತು ಹೇಳೂಕೆ ಆಗ್ಲಿಲ್ಲ ನಿಂಗೆ?" ಎಂದ. ಕೊಡೆ ತೆಗೆದುಕೊಂಡು ಎದ್ದ. ಮದುವೆಗೆ ಬಾ ಎಂದು ಇನ್ನೊಮ್ಮೆ ಹೇಳಲಿಲ್ಲ.

ಅರವತ್ತು ವರ್ಷ ನಾನು ಮೋಸ ಹೋದವಳು ಎಂದುಕೊಂಡೇ ಬದುಕಿದೆ. ಅದರಲ್ಲಿ ಒಂದು ಬಗೆಯ ಸುಖವೂ ಇತ್ತು, ಸುಳ್ಳು ಯಾಕೆ ಹೇಳಲಿ. ಮಾಸ್ತರರು ಒಂದು ದಿನ ಮಾಡಿದ್ದನ್ನು ಅಷ್ಟೂ ವರ್ಷ ಜೋಪಾನವಾಗಿ ಕಾದವಳು ನಾನೇ ಎಂಬುದು ತಿಳಿದಿರಲಿಲ್ಲ. ನನಗಾಗಿ ಆಣೆ ಹಾಕಿಕೊಂಡ ಮಕ್ಕಳು ಒಬ್ಬರನ್ನೊಬ್ಬರು ಕಳ್ಳರೆಂದು ನೋಡುತ್ತಾ ಮುದುಕರಾದರು.

ಇವತ್ತು ಹಿಂದಿನ ಸಾಲಿನ ಆ ಎಂಟು ಜನರ ಹೆಸರು ಒಂದು ಕಾಗದದಲ್ಲಿ ಬರೆದೆ. ಐವರು ತೀರಿಹೋಗಿದ್ದಾರೆ. ಬಂದುಹೋದವನನ್ನು ಬಿಟ್ಟರೆ ಉಳಿದವರು ಇಬ್ಬರು. ಒಬ್ಬ ಭಟ್ಕಳದಲ್ಲಿ ಮಗಳ ಮನೆಯಲ್ಲಿದ್ದಾನೆ, ನಾಳೆ ಮೊದಲ ಬಸ್ಸಿಗೆ ಅಲ್ಲಿಗೆ ಹೋಗುತ್ತೇನೆ. ಇನ್ನೊಬ್ಬ ಊರಿನಲ್ಲೇ ಇದ್ದಾನೆ. ಅವನಿಗೆ ಈಗ ಕಿವಿ ಕೇಳುವುದಿಲ್ಲವಂತೆ, ಯಾರ ಗುರುತೂ ಹತ್ತುವುದಿಲ್ಲವಂತೆ. ಆದರೂ ಹೋಗಿ ಹೇಳಬೇಕು.