ಬ್ರೇಕಿಗೆ ಹಚ್ಚಿದ ವಿಭೂತಿ

ತಪ್ಪು ನನ್ನದೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಓದುವವರು ಈ ಮುದುಕಿ ಯಾವಾಗ ಒಪ್ಪಿಕೊಳ್ಳುತ್ತಾಳೆ ಎಂದು ಕೊನೆಯವರೆಗೂ ಕಾಯುತ್ತ ಕೂಡುತ್ತಾರೆ. ಒಪ್ಪಿಕೊಂಡಿದ್ದೇನೆ. ಆದರೆ ಅದಕ್ಕಾಗಿ ಮನೆಯಲ್ಲಿ ಉಳಿಯಲು ಮಾತ್ರ ಒಪ್ಪಲಿಲ್ಲ.

ನಾನು ಕಲಿತದ್ದು ನಾಲ್ಕನೆಯ ಇಯತ್ತೆ, ಧಾರವಾಡದ ಹತ್ತಿರದ ಹಳ್ಳಿಯಲ್ಲಿ. ತೊಂಬತ್ತರ ದಶಕದಲ್ಲಿ ಸೊಸೆಯ ಬಾಣಂತನಕ್ಕೆಂದು ಲಂಡನ್ನಿಗೆ ಬಂದೆ. ಮೂರು ತಿಂಗಳಿಗೆಂದು ಬಂದವಳು. ಕೂಸು ನಡೆಯಲಿ, ಮಾತಾಡಲಿ, ಶಾಲೆಗೆ ಹೋಗಲಿ ಅನ್ನುತ್ತ ಹದಿಮೂರು ವರ್ಷ ಕಳೆದೆ. ಮನೆ ರೇನರ್ಸ್ ಲೇನ್‌ನಲ್ಲಿ. ಮಗ ಕಟ್ಟಡದ ಇಂಜಿನಿಯರ್. ಸೊಸೆ ಬೆಂಗಳೂರಿನವಳು, ಕಂಪ್ಯೂಟರ್ ಇಂಜಿನಿಯರ್. ಮೊಮ್ಮಗಳಿಗೆ ನನ್ನ ಕನ್ನಡ ಪೂರಾ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನನಗೆ ಅವಳ ಇಂಗ್ಲಿಷ್ ತಿಳಿಯುತ್ತದೆ, ಉತ್ತರ ಕನ್ನಡದಲ್ಲಿ. ಜಗಳವಾಡಲು ಇದರಿಂದ ಏನೂ ಅಡ್ಡಿಯಾಗಿಲ್ಲ.

ಆ ಮೂವರಿಗೂ ಸೈಕಲ್ ಹುಚ್ಚು. ನಮ್ಮ ಕಡೆ ಹಾಲಿನವನು ಹೊಡೆಯುವಂಥ ಸೈಕಲ್ ಅಲ್ಲ. ಗಾಲಿ ದಪ್ಪ, ಮುಂದೆ ಸ್ಪ್ರಿಂಗು, ಗುಡ್ಡದಲ್ಲಿ ಕಲ್ಲು ಬೇರು ದಾಟಿ ಓಡುವ ಸೈಕಲ್. ರವಿವಾರ ಕಾಡಿಗೆ ಹೋಗಿ ಮೈತುಂಬ ಕೆಸರು ಮಾಡಿಕೊಂಡು ಬರುತ್ತಿದ್ದರು, ಬಟ್ಟೆ ನಾನು ಒಗೆಯುವ ಮಷೀನಿಗೆ ಹಾಕುತ್ತಿದ್ದೆ. ಆ ವರ್ಷ ಬೇಸಿಗೆ ರಜೆಗೆ ಆಲ್ಪ್ಸ್ ಎಂಬ ದೊಡ್ಡ ಬೆಟ್ಟಗಳ ಸಾಲಿಗೆ ಹೋಗುವುದೆಂದು ಗೊತ್ತು ಮಾಡಿದರು. ಅಲ್ಲಿ ಒಂದು ಊರೇ ಸೈಕಲ್ಲಿನವರಿಗಾಗಿ ಇದೆಯಂತೆ. ಹಗ್ಗದ ಮೇಲೆ ತೂಗುವ ಲಿಫ್ಟಿನಲ್ಲಿ ಸೈಕಲ್ ಸಮೇತ ತುದಿಗೆ ಏರುವುದು, ಮಣ್ಣಿನ ದಾರಿಯಲ್ಲಿ ಕೆಳಗೆ ಧುಮುಕುವುದು, ಮತ್ತೆ ಏರುವುದು. ದಿನವಿಡೀ ಇದೇ ಕೆಲಸ. ಇದಕ್ಕೆ ರಜೆ ಎಂದು ಹೆಸರು.

ನಾನೂ ಬರುತ್ತೇನೆ ಎಂದೆ. ನನಗೇನು ಚಿಕ್ಕಂದಿನಿಂದ ಬೆಟ್ಟ ನೋಡುವ ಆಸೆ ಇತ್ತು ಎಂದಲ್ಲ. ಅಂಥ ಕಥೆ ಕಟ್ಟುವುದು ನನಗೆ ಬರುವುದಿಲ್ಲ. ಹದಿಮೂರು ವರ್ಷದಲ್ಲಿ ನಾನು ನೋಡಿದ ಲಂಡನ್ ಎಂದರೆ ಕಾಯಿಪಲ್ಯದ ಅಂಗಡಿ, ಜಿಪಿ ಎಂಬ ಡಾಕ್ಟರರ ದವಾಖಾನೆ, ಮೊಮ್ಮಗಳ ಶಾಲೆಯ ಗೇಟು. ಸಾಕಾಗಿತ್ತು. ಮೊದಲೇ ಒಂದು ಮಾತನ್ನೂ ಹೇಳಿದೆ: "ಅಡಗಿ ಮಾಡಾಕ ಬರೂದಿಲ್ಲ ನಾ. ಕಡಕ್ ರೊಟ್ಟಿ ಬಡದು ಡಬ್ಬಿ ತುಂಬಿ ತರ್ತೀನಿ. ಶೇಂಗಾ ಚಟ್ನಿ ತರ್ತೀನಿ. ಅದನ್ನ ತಿನ್ರಿ, ಇಲ್ಲಾ ಉಪವಾಸ ಇರ್ರಿ."

ಮಗ ನಕ್ಕ. "ಆತು ಬಾರವ್ವ" ಎಂದ. ನನ್ನ ಹೆಸರಿಗೂ ಟಿಕೆಟ್ ತೆಗೆಸಿದ.

ಹೊರಡಲು ಒಂದು ವಾರವಿತ್ತು. ಶನಿವಾರ ಮೂವರೂ ಹೆಲ್ಮೆಟ್ಟು, ಮೊಣಕಾಲ ಪಟ್ಟಿ ಎಂದು ಪೇಟೆಗೆ ಹೋದರು. ಮನೆಯಲ್ಲಿ ನಾನು ಮತ್ತು ಮೂರು ಸೈಕಲ್. ನಮ್ಮ ಮನೆತನದಲ್ಲಿ ದೂರ ಹೋಗುವ ಗಾಡಿಗೆ ಪೂಜೆಯಿಲ್ಲದೆ ಗಾಲಿ ಉರುಳುವುದಿಲ್ಲ. ಮಹಾನವಮಿಗೆ ಕುಡಗೋಲು, ಕುಂಟೆ, ನೀರೆತ್ತುವ ಪಂಪು, ಎಲ್ಲವನ್ನೂ ಎಣ್ಣೆಯಲ್ಲಿ ಒರೆಸಿ, ವಿಭೂತಿ ಹಚ್ಚಿ, ಕುಂಕುಮ ಇಡುತ್ತಿದ್ದೆವು. ಕಬ್ಬಿಣಕ್ಕೆ ಎಣ್ಣೆ ಬೇಕು, ಇಲ್ಲದಿದ್ದರೆ ತುಕ್ಕು ತಿನ್ನುತ್ತದೆ. ಇದು ದೇವರ ಮಾತಲ್ಲ, ಕಬ್ಬಿಣದ ಮಾತು.

ಶೇಂಗಾ ಎಣ್ಣೆ ತಂದೆ. ಹಳೆಯ ಬನಿಯನ್ ಹರಿದು ಅರಿವೆ ಮಾಡಿಕೊಂಡೆ. ಸರಪಳಿ ಒರೆಸಿದೆ, ಕಡ್ಡಿ ಒರೆಸಿದೆ. ಗಾಲಿಯ ನಡುವೆ ತಾಟಿನಂಥ ಒಂದು ಉಕ್ಕಿನ ಬಿಲ್ಲೆ ಇತ್ತು, ತೂತು ತೂತು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಇದೇ ಇದರ ಮುಖ ಎಂದುಕೊಂಡೆ. ಅದಕ್ಕೆ ಎಲ್ಲಕ್ಕಿಂತ ಹೆಚ್ಚು ಎಣ್ಣೆ ಹಾಕಿ ತಿಕ್ಕಿದೆ. ಮೇಲೆ ಮೂರು ಬೆರಳಲ್ಲಿ ವಿಭೂತಿ ಎಳೆದು ನಡುವೆ ಕುಂಕುಮ ಇಟ್ಟೆ. ಮೂರು ಸೈಕಲ್, ಆರು ಬಿಲ್ಲೆ. ಗಾಲಿಯ ಕೆಳಗೆ ಲಿಂಬೆಹಣ್ಣು. ಚಂದ ಕಂಡವು.

ಮನೆಗೆ ಬಂದ ಮಗ ಫೋಟೋ ತೆಗೆದ. ಸೊಸೆ, "ಅಯ್ಯೋ, ಎಷ್ಟು ಮುದ್ದಾಗಿ ಮಾಡಿದೀರ ಅತ್ತೆ!" ಎಂದಳು. ಇದನ್ನು ಯಾಕೆ ಬರೆಯುತ್ತಿದ್ದೇನೆ ಎಂದರೆ, ಇಬ್ಬರು ಇಂಜಿನಿಯರುಗಳು ಆ ಬಿಲ್ಲೆಯನ್ನು ಕಣ್ಣಾರೆ ನೋಡಿದರು. ಇಬ್ಬರೂ ಆಯುಧಪೂಜೆ ನೋಡುತ್ತ ಬೆಳೆದವರು. ಎಣ್ಣೆ ಹಚ್ಚಿದ್ದು ಇಬ್ಬರಿಗೂ ವಿಚಿತ್ರ ಅನ್ನಿಸಲಿಲ್ಲ.

ಮರುದಿನ ಬೆಳಿಗ್ಗೆ ಪಿನ್ನರ್ ಕಡೆಯ ಒಂದು ಇಳಿಜಾರು ಬೀದಿಗೆ ಸೈಕಲ್ ತಳ್ಳಿಕೊಂಡು ಹೋದೆವು. ನಾನು ನೋಡಲು ಹೋದವಳು. ಮೊಮ್ಮಗಳು ಮೊದಲು ಹೊರಟಳು. ಅರ್ಧ ದಾರಿಗೆ ಬ್ರೇಕ್ ಹಿಡಿದಳು. ಸೈಕಲ್ ಹಂದಿ ಕೊಯ್ದ ಹಾಗೆ ಕಿರುಚಿತು. ನಿಲ್ಲಲಿಲ್ಲ. ಬೀದಿಯ ತುದಿಯಲ್ಲಿ ಯಾರದೋ ಮನೆಯ ಗಿಡದ ಬೇಲಿಯೊಳಗೆ ಹುಡುಗಿ ಅರ್ಧ ಹೋದಳು, ಸೈಕಲ್ ಪೂರಾ ಹೋಯಿತು.

ಮೊಣಕೈ ತರಚಿತ್ತು, ಮೊಣಕಾಲು ತರಚಿತ್ತು. ಎಲುಬು ಗಟ್ಟಿ ಇದ್ದವು. ಮನೆಯ ಯಜಮಾನ ಚಹದ ಕಪ್ಪು ಹಿಡಿದುಕೊಂಡೇ ಹೊರಗೆ ಬಂದು, ಮೊದಲು ಬೇಲಿ ನೋಡಿ, ಆಮೇಲೆ ಹುಡುಗಿಯನ್ನು ನೋಡಿ, "ಆರ್ ಯು ಆಲ್‌ರೈಟ್?" ಎಂದ. ಮಗ ಬಗ್ಗಿ ಬಿಲ್ಲೆ ಮುಟ್ಟಿದ. ಬೆರಳು ಮೂಸಿ ನೋಡಿದ. ನನ್ನ ಕಡೆ ತಿರುಗಿದ.

ಆಗ ತಿಳಿಯಿತು, ಅದು ಮುಖವಲ್ಲ, ಬ್ರೇಕು. ಎರಡು ಸಣ್ಣ ಹೋಳುಗಳು ಆ ಬಿಲ್ಲೆಯನ್ನು ಕಚ್ಚಿ ಹಿಡಿದರೆ ಗಾಲಿ ನಿಲ್ಲುತ್ತದೆ. ಎಣ್ಣೆ ಇದ್ದರೆ ಜಾರುತ್ತದೆ.

ಮನೆಗೆ ಬಂದು ಮಗ ಚಹ ಸಹ ಕುಡಿಯಲಿಲ್ಲ. "ಅವ್ವಾ, ನೀ ಬರೂದು ಬ್ಯಾಡ" ಎಂದ. "ಎಜ್‌ವೇರ್‌ನಾಗ ಆ ಬೆಳಗಾವಿ ಮಂದಿ ಅದಾರಲ್ಲ, ಒಂದ ವಾರ ಅಲ್ಲೇ ಇರು. ಅವರಿಗೆ ನಾ ಫೋನ್ ಮಾಡ್ತೀನಿ."

ಆ ಮನೆಯ ಹೆಂಗಸು ಬೆಳಗಿನಿಂದ ಸಂಜೆಯವರೆಗೆ ತನ್ನ ಪಿತ್ತಕೋಶದ ಕಲ್ಲಿನ ವಿಷಯ ಹೇಳುತ್ತಾಳೆ.

"ತಪ್ಪ ಮಾಡೀನಿ, ಒಪ್ಪಕೊಂಡೀನಿ" ಎಂದೆ. "ತಪ್ಪ ಮಾಡಿದವರ್ನೆಲ್ಲಾ ಎಜ್‌ವೇರಿಗೆ ಕಳಸೂದಾದ್ರ ಅಲ್ಲಿ ಜಾಗಾ ಸಾಲೂದಿಲ್ಲ. ನೀ ನೋಡಿದಿಲ್ಲೋ ಆ ಎಣ್ಣಿ? ಫೋಟೋ ತಗದವ ಯಾರು?"

"ಅಂವಾ ಫೋಟೋ ತಗದದ್ದಕ್ಕ ಬ್ರೇಕ್ ಹೋಗಿಲ್ಲವ್ವ!" ಮಗ ತನ್ನನ್ನೇ ಮೂರನೆಯವನ ಹಾಗೆ ಕರೆದುಕೊಂಡ. ಅಷ್ಟು ಸಿಟ್ಟು.

ಸೊಸೆ ಮೆಲ್ಲಗೆ ಹೇಳಿದಳು: "ಇಲ್ಲಾಗಿದ್ದಕ್ಕೆ ಬೇಲಿ ಸಿಕ್ತು ಅತ್ತೆ. ಅಲ್ಲಿ ಬೆಟ್ಟದ ಮೇಲೆ ಆಗಿದ್ರೆ ಏನ್ ಗತಿ?"

ಮಗನ ಕೂಗಾಟ ನನಗೆ ತಾಗುವುದಿಲ್ಲ, ಇದು ತಾಗಿತು. ಆದರೆ ತಾಗುವುದು ಬೇರೆ, ಮನೆಯಲ್ಲಿ ಉಳಿಯುವುದು ಬೇರೆ.

"ಬ್ರೇಕ್ ಕೆಡಿಸಿದಾಕಿ ನಾ. ನಾನ ರಿಪೇರಿ ಮಾಡ್ತೀನಿ" ಎಂದೆ. "ಮಾಡಿದ್ರ ಬರ್ತೀನಿ. ಆಗಲಿಲ್ಲಂದ್ರ ಎಜ್‌ವೇರಿಗೆ ಹೋಗ್ತೀನಿ, ಆಕಿ ಕಲ್ಲಿನ ಕಥಿ ಕೇಳ್ತೀನಿ."

"ನೀ ಹ್ಯಾಂಗ ಮಾಡ್ತೀ? ಅಂಗಡಿಯವ್ರಿಗೇ ಪುರಸೊತ್ತಿಲ್ಲ ಈಗ. ಎಲ್ಲಾರೂ ರಜಾಕ್ಕ ಹೊಂಟಾರ."

"ಅದು ನನ್ನ ಚಿಂತಿ."

ಸೋಮವಾರ ಮೂವರೂ ಹೊರಗೆ ಹೋದ ಮೇಲೆ ಸೀರೆಯ ಮೇಲೆ ಕಾರ್ಡಿಗನ್ ಹಾಕಿಕೊಂಡು ಮೊಮ್ಮಗಳ ಸೈಕಲ್ ತಳ್ಳುತ್ತ ಸೈಕಲ್ ಅಂಗಡಿಗೆ ನಡೆದೆ. ಅಂಗಡಿಯವನು ಇಂಗ್ಲಿಷಿನವನು, ನನ್ನದೇ ವಯಸ್ಸು, ಉಗುರಿನಲ್ಲೆಲ್ಲ ಕರಿ. ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದೆ: ಪೂಜೆ, ಎಣ್ಣೆ, ಬ್ರೇಕ್ ಇಲ್ಲ, ಶನಿವಾರ ಬೆಟ್ಟ.

"ಎರಡು ವಾರ ಟೈಮ್ ಇಲ್ಲ, ಲವ್" ಎಂದ. ಇಲ್ಲಿ ಅಂಗಡಿಯವರು ಎಲ್ಲರನ್ನೂ ಲವ್ ಅನ್ನುತ್ತಾರೆ, ಹೆಂಗಸಿಗೆ ಹಲ್ಲಿದ್ದರೂ ಇಲ್ಲದಿದ್ದರೂ.

"ನಿನ್ನ ಟೈಮ್ ಬೇಡ" ಎಂದೆ. "ಮಾಡುವುದನ್ನು ಒಂದು ಸಲ ತೋರಿಸು. ಉಳಿದದ್ದು ನಾನು ಮಾಡುತ್ತೇನೆ."

ಅವನು ನಕ್ಕ. ನಾನು ಅಲ್ಲಿದ್ದ ಪ್ಲಾಸ್ಟಿಕ್ ಕ್ರೇಟ್ ಬೋರಲು ಹಾಕಿಕೊಂಡು ಕುಳಿತೆ. ಹನ್ನೊಂದಾಯಿತು, ಹನ್ನೆರಡಾಯಿತು. ಬರುವ ಗಿರಾಕಿಗಳೆಲ್ಲ ನನ್ನನ್ನು ದಾಟಿಕೊಂಡು ಹೋಗಬೇಕಾಯಿತು. ಒಂದು ಗಂಟೆಗೆ ಅವನು ಊಟಕ್ಕೆಂದು ಬ್ರೆಡ್ಡು ಬಿಚ್ಚಿದವನು ಅದನ್ನು ಹಾಗೇ ಇಟ್ಟು, "ಸರಿ, ತಾ ಇತ್ತ" ಎಂದು ಕೈ ಚಾಚಿದ.

ಗಾಲಿ ಬಿಚ್ಚಿದ. ಒಂದು ಪಿನ್ನು ಎಳೆದು ಎರಡು ಹೋಳು ಹೊರಗೆ ತೆಗೆದ, ಅಡಿಕೆ ಹೋಳಿಗಿಂತ ಸ್ವಲ್ಪ ದೊಡ್ಡವು. ಮೂಸಲು ಕೊಟ್ಟ. ನನ್ನ ಶೇಂಗಾ ಎಣ್ಣೆ ಘಮ್ಮೆಂದಿತು. ಎಣ್ಣೆ ಕುಡಿದ ಹೋಳಿಗೆ ಮದ್ದಿಲ್ಲ, ಎಸೆಯಬೇಕು ಎಂದ. ಬಿಲ್ಲೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಿದ, ಬಿಳಿ ಅರಿವೆಗೆ ಕರಿ ಹತ್ತುವುದು ನಿಲ್ಲುವವರೆಗೆ. ಆಮೇಲೆ ಅದಕ್ಕೆ ಬೆರಳು ತಾಗಿಸಬಾರದು, ಬೆರಳಿನ ಜಿಡ್ಡೂ ಕೂಡದು. ನಮ್ಮೂರಿನ ಆಚಾರ್ಯರ ಮನೆಯ ಮಡಿಯ ಹಾಗೆ. ಹೊಸ ಹೋಳು ಹಾಕಿದ ಮೇಲೂ ಕೆಲಸ ಮುಗಿಯಲಿಲ್ಲ. ಇಳಿಜಾರಿನಲ್ಲಿ ಬಿಟ್ಟು ಹಿಡಿ, ಬಿಟ್ಟು ಹಿಡಿ, ಇಪ್ಪತ್ತು ಸಲ. ಅಲ್ಲಿಯವರೆಗೆ ಬ್ರೇಕ್ ಪೂರ್ತಿ ಕಚ್ಚುವುದಿಲ್ಲ ಎಂದ. ಅದು ನನಗೆ ಚೆನ್ನಾಗಿ ತಿಳಿಯಿತು. ಹೊಸ ಹಂಚಿನ ಮೇಲೆ ಮೊದಲ ರೊಟ್ಟಿ ಯಾರಿಗೂ ಸರಿಯಾಗಿ ಬಂದಿಲ್ಲ.

ಮುಂದಿನ ಗಾಲಿ ಅವನು ಮಾಡಿದ. ಹಿಂದಿನದನ್ನು ನನ್ನ ಕೈಯಲ್ಲಿ ಮಾಡಿಸಿದ. ಒಮ್ಮೆ ತಪ್ಪಿದೆ. ಅವನು ಬಿಚ್ಚಿ ಮತ್ತೆ ನನ್ನ ಮುಂದೆ ಇಟ್ಟ. ಹೊರಡುವಾಗ ಉಳಿದ ಎರಡು ಸೈಕಲ್ಲಿಗೆ ಬೇಕಾದ ಹೋಳುಗಳನ್ನೂ ಒಂದು ಬಾಟಲಿ ಸ್ಪಿರಿಟ್ಟನ್ನೂ ಕೊಂಡುಕೊಂಡೆ.

ಮಂಗಳವಾರ, ಬುಧವಾರ ಹಿತ್ತಲಲ್ಲಿ ಪೇಪರ್ ಹಾಸಿಕೊಂಡು, ಚಷ್ಮಾ ಏರಿಸಿಕೊಂಡು ಕುಳಿತೆ. ಮೊಮ್ಮಗಳು ಶಾಲೆಯಿಂದ ಬಂದು ಕುಂಟುತ್ತ ಬಳಿ ಬಂದಳು. ಬಿಲ್ಲೆಯ ಕಡೆ ಕೈ ಚಾಚಿದಳು.

"ಮುಟ್ಟಬ್ಯಾಡ!" ಎಂದು ಕೈ ಮೇಲೆ ಹೊಡೆದೆ.

"ಅಜ್ಜಿ, ಯು ಪುಟ್ ಪೀನಟ್ ಆಯಿಲ್ ಆನ್ ಇಟ್!"

"ಅದು ಹೋದ ವಾರದ ಮಾತು."

ಗುರುವಾರ ಸಂಜೆ ಮೂರೂ ಸೈಕಲ್ ಸಿದ್ಧವಾಗಿದ್ದವು. ಮಗ ಸುತ್ತ ತಿರುಗಿ ನೋಡಿದ, ಬ್ರೇಕ್ ಒತ್ತಿ ನೋಡಿದ. "ನಿಂತಾಗೇನೋ ಹಿಡಿತೈತಿ. ಓಡುವಾಗ ಹಿಡಿತೈತೋ ಇಲ್ಲೋ ಯಾರಿಗೆ ಗೊತ್ತು?" ಎಂದ.

ಮೊಮ್ಮಗಳು ನಾನು ಹೋಗುತ್ತೇನೆ ಎಂದು ಮುಂದೆ ಬಂದಳು. ಸೊಸೆ ಅವಳ ತೋಳು ಹಿಡಿದುಕೊಂಡಳು. ಮೂವರ ಕಣ್ಣೂ ಬಿಲ್ಲೆಯ ಮೇಲೇ ಇದ್ದವು.

"ನಾ ಮಾಡಿದ ಬ್ರೇಕು, ನಾ ಕೂಡ್ತೀನಿ" ಎಂದೆ.

"ಹುಚ್ಚ ಹಿಡದೈತೇನು? ನಿನಗ ಸೈಕಲ್ ಹೊಡ್ಯಾಕ ಬರೂದಿಲ್ಲ!"

"ಹೊಡ್ಯಾಕ ಬರೂದಿಲ್ಲ. ನಿಲ್ಲಸಾಕ ಬರ್ತೈತಿ. ಈಗ ನೋಡಬೇಕಾಗಿದ್ದು ಅದನ್ನ ಅಲ್ಲೇನು?"

ಸೀರೆಗೆ ಕಚ್ಚೆ ಹಾಕಿದೆ, ಹೊಲದಲ್ಲಿ ಕಳೆ ತೆಗೆಯುವಾಗ ಹಾಕುತ್ತಿದ್ದ ಹಾಗೆ. ಮೊಮ್ಮಗಳ ಸೀಟು ಪೂರಾ ತಗ್ಗಿಸಿದೆ, ಎರಡೂ ಕಾಲು ನೆಲಕ್ಕೆ ಮುಟ್ಟುವಂತೆ. ನಮ್ಮ ಮನೆಯ ಹಿಂದಿನ ಓಣಿ ಸ್ವಲ್ಪ ಇಳಿಜಾರು, ತುದಿಗೆ ಗ್ಯಾರೇಜುಗಳ ಗೋಡೆ. ಸೊಸೆ ಮಗಳ ಹೆಲ್ಮೆಟ್ ತಂದು ನನ್ನ ತುರುಬಿನ ಮೇಲೆ ಒತ್ತಿದಳು. ತುರುಬು ಬಿಚ್ಚಿ ಜಡೆ ಹಾಕಬೇಕಾಯಿತು. ಎದುರು ಮನೆಯ ಪರದೆ ಅಲುಗಾಡಿತು. ಅಲುಗಾಡಲಿ.

ಕಾಲು ಎತ್ತಿದೆ. ಸೈಕಲ್ ಹೊರಟಿತು. ಇಷ್ಟು ಬೇಗ ಓಡುತ್ತದೆ ಎಂದು ಗೊತ್ತಿರಲಿಲ್ಲ. ಹೆದರಿಕೆ ಆಯಿತು, ಸುಳ್ಳು ಯಾಕೆ ಹೇಳಲಿ. ಎರಡೂ ಬ್ರೇಕ್ ಹಿಡಿದೆ. ಕಿರುಚಿ, ಸ್ವಲ್ಪ ಜಾರಿ ನಿಂತಿತು. ಗೋಡೆ ಇನ್ನೂ ದೂರ ಇತ್ತು.

ಇಳಿದು, ತಳ್ಳಿಕೊಂಡು ಮೇಲೆ ಬಂದೆ. ಮತ್ತೆ ಕುಳಿತೆ.

"ಸಾಕವ್ವಾ, ನೋಡಿದ್ವಿ" ಎಂದ ಮಗ.

"ಇಪ್ಪತ್ತ ಸಲ ಆಗಬೇಕು. ಇದು ಎರಡನೇದು."

ಏಳನೆಯ ಸಲಕ್ಕೆ ಸೈಕಲ್ಲಿನ ಕಿರುಚಾಟ ನಿಂತಿತು. ಹನ್ನೆರಡನೆಯ ಸಲಕ್ಕೆ ಬ್ರೇಕ್ ಎಷ್ಟು ಗಟ್ಟಿಯಾಗಿ ಕಚ್ಚಿತೆಂದರೆ ನಾನು ಹ್ಯಾಂಡಲ್ ಮೇಲೆ ಮುಗ್ಗರಿಸಿದೆ, ಎದೆಗೆ ಪೆಟ್ಟಾಯಿತು. ಯಾರಿಗೂ ಹೇಳಲಿಲ್ಲ. ಇಪ್ಪತ್ತು ಮುಗಿಸಿ ಬಂದಾಗ ಮಗ ತನ್ನ ಸೈಕಲ್ ಮೇಲೆ ಕುಳಿತು, ಸೊಸೆ ತನ್ನದರ ಮೇಲೆ ಕುಳಿತು, ಅದೇ ಓಣಿಯಲ್ಲಿ ಲೆಕ್ಕ ಹಾಕುತ್ತ ಇಳಿಯುತ್ತಿದ್ದರು. ನಾನು ಒಳಗೆ ಹೋಗಿ ರೊಟ್ಟಿ ಡಬ್ಬಿಯ ಮುಚ್ಚಳ ಭದ್ರ ಮಾಡಿದೆ. ಎಜ್‌ವೇರಿಗೆ ಯಾರೂ ಫೋನ್ ಮಾಡಲಿಲ್ಲ.

ಬೆಟ್ಟ ದೊಡ್ಡದೇ ಇತ್ತು, ಅದರ ವರ್ಣನೆ ನನ್ನಿಂದಾಗದು. ಬೇಸಿಗೆಯಲ್ಲೂ ತುದಿಗೆ ಹಿಮ, ಹುಲ್ಲಿನಲ್ಲಿ ಗಂಟೆ ಕಟ್ಟಿದ ಆಕಳು, ಲಿಫ್ಟಿನ ಬುಡದಲ್ಲಿ ಕೆಸರು ಬಟ್ಟೆಯ ಜನರ ಸಾಲು. ಮೊದಲ ದಿನ ಬೆಳಿಗ್ಗೆ ಮೊಮ್ಮಗಳು ಸಾಲಿನಿಂದ ತಿರುಗಿ ಸೈಕಲ್ ನನ್ನ ಮುಂದೆ ನಿಲ್ಲಿಸಿದಳು. "ಅಜ್ಜಿ, ಡೂ ದಿ ಥಿಂಗ್" ಎಂದಳು.

ಸೊಂಟದ ಚೀಲದಿಂದ ವಿಭೂತಿ ತೆಗೆದೆ. ಮಗನ ಮುಖ ನೋಡಬೇಕಿತ್ತು.

"ಅವ್ವಾ!"

"ನೋಡಕೋ. ಎಣ್ಣಿ ಇಲ್ಲ. ಕಣ್ಣ ತಗದು ನೋಡಕೋ." ಹ್ಯಾಂಡಲ್ಲಿನ ನಡುವೆ, ಬಿಲ್ಲೆಯಿಂದ ಮಾರು ದೂರದಲ್ಲಿ, ಮೂರು ಗೆರೆ ಎಳೆದೆ. ತಪ್ಪು ಎಣ್ಣೆಯದು, ಪೂಜೆಯದಲ್ಲ. ಪೂಜೆ ಬಿಡುತ್ತೇನೆ ಎಂದು ನಾನು ಯಾರಿಗೂ ಮಾತು ಕೊಟ್ಟಿರಲಿಲ್ಲ.

"ನಂದಕ್ಕೂ ಹಚ್ಚಿ ಅತ್ತೆ" ಎಂದು ಸೊಸೆ ಸೈಕಲ್ ಮುಂದೆ ದೂಡಿದಳು. ಮಗನೂ ತನ್ನದನ್ನು ಅವಳ ಪಕ್ಕಕ್ಕೆ ತಂದು ನಿಲ್ಲಿಸಿದ. ಹಚ್ಚಿದೆ. ಆಮೇಲೆ ಅವನು ಬಗ್ಗಿ ಬಿಲ್ಲೆ ನೋಡಿದ, ಬ್ರೇಕ್ ಹಿಡಿದ, ಬಿಟ್ಟ, ಮತ್ತೆ ಹಿಡಿದ.

"ಇನ್ನೂ ಎಷ್ಟ ಸಲ ಹಿಡಿದ ನೋಡ್ತಿ?" ಎಂದೆ. "ಲಿಫ್ಟ್ ಹತ್ತು. ಹಿಂದ ಮಂದಿ ನಿಂತಾರ."