ರಫು ಅಕ್ಕನ ಹೊಸ ಕಣ್ಣು

ನನ್ನ ಬಟ್ಟೆಯಂಗಡಿಯ ಕಿಟಕಿಯ ಬಳಿ ಒಬ್ಬ ಹೆಂಗಸು ರಫು ಮಾಡುತ್ತಾಳೆ. ಬಟ್ಟೆಯ ಒಳಅಂಚಿನಿಂದಲೇ ಎಳೆ ಬಿಡಿಸಿ, ತೂತಿನ ಗುರುತು ಸಿಗದಂತೆ ಹೆಣೆಯುವ ಕೆಲಸ. ಬೀದಿಗೆಲ್ಲ ಅವಳು ಸೋಡಾಬುಡ್ಡಿ ಅಕ್ಕ. ಕನ್ನಡಕ ಅಷ್ಟು ದಪ್ಪ. ಅದನ್ನು ತೆಗೆದರೆ ಎದುರಿಗಿರುವುದು ಗಂಡನೋ ಕಂಬವೋ ತಿಳಿಯದು; ಅಂಥ ವ್ಯತ್ಯಾಸವೂ ಇಲ್ಲ ಎಂದು ಅವಳೇ ಹೇಳುತ್ತಿದ್ದಳು. ಪಕ್ಕದಲ್ಲೇ ಇಸ್ತ್ರಿ ಉಜ್ಜುವ ಆ ಗಂಡ, ಕೇಳಿಸಿದರೂ ಕೇಳಿಸದ ಹಾಗಿರುವುದನ್ನು ಚೆನ್ನಾಗಿ ರೂಢಿಸಿಕೊಂಡಿದ್ದ.

ಆದರೆ ಕನ್ನಡಕ ತೆಗೆದು ಬಟ್ಟೆಯನ್ನು ಮೂಗಿಗೆ ತಾಗಿಸಿದಳೆಂದರೆ ಎಳೆಯೆಳೆಯೂ ಹಗ್ಗದಂತೆ ಕಾಣುತ್ತಿತ್ತಂತೆ. ಅವಳ ಬಂಡವಾಳವೆಲ್ಲ ಅದೇ. ಅವಳು ಕಣ್ಣಿನ ಆಪರೇಷನ್ ಮಾಡಿಸಲು ಹೊರಟಾಗ, ಹಾಗಿದ್ದ ಮೇಲೆ ಅದು ಯಾಕೆ ಎಂದು ನಾನು ಕೇಳಿದ್ದುಂಟು.

"ಬಸ್ಸಿನ ಬೋರ್ಡು ಓದೋಕೆ ಬಸ್ಸನ್ನೇ ಮೂಗಿಗೆ ಹಿಡ್ಕೊಳ್ಳೋಕಾಗುತ್ತಾ ಅಣ್ಣ?"

ಲೇಸರ್ ಮಾಡಲು ಕಣ್ಣಿನ ಮುಂಪದರ ತೀರ ತೆಳುವಾಗಿದೆ ಎಂದರಂತೆ ಡಾಕ್ಟರು. ಅದಕ್ಕೇ ಕಣ್ಣಿನೊಳಗೆ, ಹುಟ್ಟಿನಿಂದ ಬಂದ ಮಸೂರವನ್ನು ಮುಟ್ಟದೆ, ಅದರ ಮುಂದೆ ತೆಳ್ಳನೆಯ ಲೆನ್ಸ್ ಕೂರಿಸುವುದು ಎಂದಾಯಿತು. ದೀಪಕ್ಕೆಲ್ಲ ಬಾಲ ಮೂಡಿಸುವ ದೃಷ್ಟಿದೋಷಕ್ಕೂ ಅದರಲ್ಲೇ ಪರಿಹಾರ. ಇನ್ನು ಬಟ್ಟೆಯನ್ನು ದೂರ ಹಿಡಿಯಬೇಕು ಎಂದೂ ಅವರು ಹೇಳಿದ್ದರು. ಖುಷಿಯಲ್ಲಿದ್ದವಳು ಎಲ್ಲಕ್ಕೂ ತಲೆಯಾಡಿಸಿ ಬಂದಿದ್ದಳು.

ಆಪರೇಷನ್ ಆದ ಮೇಲೆ ಬೀದಿಯಲ್ಲಿ ಅವಳ ಕಾಟ ಹೇಳತೀರದು. ನಿಂತಲ್ಲಿ ನಿಂತು ಎಲ್ಲ ಬೋರ್ಡುಗಳನ್ನೂ ಗಟ್ಟಿಯಾಗಿ ಓದಿದಳು. ಗಂಡನಿಗೆ ಮೀಸೆಯ ಒಂದು ಪಕ್ಕ ಗಿಡ್ಡ ಎಂದು ಕಂಡುಹಿಡಿದಳು.

ಮತ್ತೆ ಕೆಲಸಕ್ಕೆ ಕೂತ ದಿನ ಗಿರಾಕಿಯೊಬ್ಬರ ಉಣ್ಣೆಯ ಕೋಟು ಬಂತು. ಎದೆಯ ಮೇಲೆ ನುಸಿ ತಿಂದ ತೂತು. ಇಲ್ಲದ ಕನ್ನಡಕ ತೆಗೆಯಲು ಹೋಗಿ ಕೆನ್ನೆ ಚುಚ್ಚಿಕೊಂಡಳು. ಕೋಟನ್ನು ಮೂಗಿಗೆ ಹಿಡಿದಳು. ಬರೀ ಮಂಜು. ಇನ್ನೂ ಹತ್ತಿರ ತಂದಳು. ಮುಖವೇ ಕೋಟಿನೊಳಗೆ ಹೋಯಿತು. ತಲೆ ಎತ್ತಿದಾಗ ಬಣ್ಣಗೆಟ್ಟಿದ್ದಳು.

"ಅಣ್ಣ, ಕಣ್ಣು ಬಂತು, ಕೈ ಹೋಯ್ತು."

ಜಗ್ಗದೆ ಮತ್ತೆ ಸೂಜಿ ಚುಚ್ಚಲು ಹೊರಟಳು. ಗಂಡ ಗಾಬರಿಯಿಂದ ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಕೋಟಿನ ಇನ್ನೊಂದು ತುದಿ ಹಿಡಿದು ಎಳೆದ. "ಬಿಡೇ, ಊರವರ ಕೋಟು, ಹಾಳಾಗುತ್ತೆ." ಇವಳೂ ಬಿಡಲಿಲ್ಲ. ಎಳೆದಾಟದಲ್ಲಿ ಕೋಟು ಮುಖದಿಂದ ಮೊಳದಷ್ಟು ದೂರ ಹೋಗಿ ಬಿಗಿಯಾಗಿ ನಿಂತಿತು. ಅವಳು ಕಣ್ಣರಳಿಸಿ ತೂತನ್ನೇ ನೋಡಿದಳು.

"ಹಾಗೇ ನಿಲ್ರೀ. ಅಲ್ಲಾಡಿದ್ರೆ ನೋಡಿ."

ಎಳೆಗಳು ಈಗ ಹಗ್ಗವಾಗಿರಲಿಲ್ಲ, ನೂಲಾಗಿದ್ದವು. ಆದರೆ ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತಿದ್ದವು. ಅಳುತ್ತ ನಗುತ್ತ ಹೊಲಿದಳು. ಗಂಡ ಗೂಟದಂತೆ ನಿಂತೇ ಇದ್ದ. ಇಸ್ತ್ರಿಯ ಗಿರಾಕಿಗಳನ್ನು ನಾನು ಸಮಾಧಾನ ಮಾಡಿದೆ.

ಮರುದಿನ ಬಂದ ಕೋಟಿನ ಯಜಮಾನರು ಎದೆಯ ಜಾಗವನ್ನು ಬೆಳಕಿಗೆ ಹಿಡಿದು ತಿರುಗಿಸಿ ಮುರುಗಿಸಿ ನೋಡಿದರು. ತೂತೂ ಇಲ್ಲ, ಗುರುತೂ ಇಲ್ಲ. ಕೋಟು ಅದಲುಬದಲಾಗಿದೆ ಎಂದು ನನ್ನನ್ನು ದುರುಗುಟ್ಟಿ ನೋಡಿದರು. ಅಕ್ಕ ಕಿಟಕಿಯ ಬಳಿಯಿಂದ ಏಳಲೂ ಇಲ್ಲ.

"ನಿಮ್ದೇ ಸಾರ್. ಕಾಲರ್ ಮೇಲೆ ನೀವು ತಲೆಗೆ ಹಚ್ಚೋ ಬಣ್ಣ ಅಂಟಿದೆ, ಇಲ್ಲಿಗೇ ಕಾಣ್ತಿದೆ."

ಯಜಮಾನರು ಕೋಟನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಹೊರಟೇಬಿಟ್ಟರು. ಅವಳು ಮುಂದಿನ ಬಟ್ಟೆ ಎತ್ತಿಕೊಂಡು, ತೋಳು ಚಾಚಿ ಹಿಡಿದಳು.